ಮೈದನಹಳ್ಳಿ ಹುಲ್ಲುಗಾವಲಿಗೆ ಹಕ್ಕಿ ನೋಡೋಕೆ ಹೋಗೋರಿಗೆ: ಯಾವಾಗ ಹೋಗ್ಬೇಕು, ಹೇಗೆ ನಡೀಬೇಕು

"ಮೈದನಹಳ್ಳಿಗೆ ಹೋಗಿದ್ವಿ, ಅಲ್ಲೇನೂ ಇಲ್ಲ ಬಿಡ್ರಿ, ಬರೀ ಹುಲ್ಲು, ದೂರದಲ್ಲಿ ನಾಕು ಜಿಂಕೆ" ಅಂತ ಹೇಳೋರನ್ನ ನಾನು ತುಂಬ ಜನ ನೋಡಿದೀನಿ. ಮೊದಲನೇ ಸಲ ನಾನೂ ಹಂಗೇ ವಾಪಸ್ ಬಂದಿದ್ದೆ. ಏಪ್ರಿಲ್ ತಿಂಗಳು, ತುಮಕೂರಿಂದ ಆರಾಮಾಗಿ ತಿಂಡಿ ತಿಂದ್ಕೊಂಡು ಹೊರಟು ಅಲ್ಲಿ ಇಳಿಯೋ ಹೊತ್ತಿಗೆ ಹತ್ತೂವರೆ ಆಗಿತ್ತು, ಬಿಸಿಲಿಗೆ ನೆಲ ಕುದೀತಾ ಇತ್ತು, ಬೈನಾಕ್ಯುಲರ್‌ನಲ್ಲಿ ನೋಡಿದ್ರೆ ಎಲ್ಲಾ ನೀರಿನ ಥರ ಅಲುಗಾಡ್ತಿತ್ತು, ಒಂದು ಗಂಟೆ ಸುತ್ತಿ ಬಂದ್ಬಿಟ್ಟೆ. ಜಾಗದಲ್ಲಿ ಏನೂ ಕಮ್ಮಿ ಇರ್ಲಿಲ್ಲ, ಹುಲ್ಲುಗಾವಲನ್ನ ನೋಡೋ ರೀತಿ ನಂಗೆ ಗೊತ್ತಿರ್ಲಿಲ್ಲ ಅಷ್ಟೇ. ಆಮೇಲೆ ಸುಮಾರು ಸಲ ಹೋಗಿ ಹೋಗಿ ಕಲಿತದ್ದನ್ನ ಇಲ್ಲಿ ಬರೀತಾ ಇದೀನಿ, ಹೊಸದಾಗಿ ಹೋಗೋರಿಗೆ ಮೊದಲನೇ ದಿನವೇ ಸಿಗ್ಲಿ ಅಂತ.

ಜಾಗ ಎಲ್ಲಿ ಅಂದ್ರೆ ಮಧುಗಿರಿ ತಾಲ್ಲೂಕು, ಪುರವರದಿಂದ ಉತ್ತರಕ್ಕೆ ನಾಕು ಕಿಲೋಮೀಟರ್, ಮಧುಗಿರಿಯಿಂದ 23 ಕಿಲೋಮೀಟರ್ ಆಗುತ್ತೆ, ಆ ಕಡೆ ಆಂಧ್ರದ ಹಿಂದೂಪುರದ ಸೀಮೆ. ಸರ್ಕಾರಿ ಹೆಸರು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು, 2007ರಲ್ಲಿ ಘೋಷಣೆ ಆಗಿದ್ದು. ನಮ್ಮ ದೇವರಾಯನದುರ್ಗದಲ್ಲಿ ಹುಟ್ಟಿ ಪಿನಾಕಿನಿಗೆ ಸೇರೋ ಜಯಮಂಗಲಿ ಹೊಳೆ ಹೆಸರನ್ನೇ ಇಟ್ಟಿದಾರೆ. ವಿಸ್ತೀರ್ಣ 798 ಎಕರೆ, ಅಷ್ಟೇ. ಸುತ್ತ ನಾಕೂ ಕಡೆ ಕಡ್ಲೆಕಾಯಿ ಹೊಲ, ರಾಗಿ, ತೋಟ, ಬೋರ್‌ವೆಲ್, ಊರು. ನಡುವೆ ಈ ಹುಲ್ಲು ಒಂದು ದ್ವೀಪದ ಥರ ಉಳ್ಕೊಂಡಿದೆ. ನೀರಿನ ನಡುವೆ ಇರೋ ದ್ವೀಪಕ್ಕೆ ಹೋಗೋಕೆ ದೋಣಿ ಬೇಕು, ಇಲ್ಲಿಗೆ ಬೈಕ್ ಸಾಕು, ಆದ್ರೆ ಒಳಗಿರೋ ಜೀವಿಗಳಿಗೆ ಮಾತ್ರ ಎರಡೂ ಒಂದೇ, ಇಲ್ಲಿಂದ ಆಚೆ ಅವಕ್ಕೆ ಇಂಥ ಜಾಗ ಇಲ್ಲ. ರಾಜ್ಯದಲ್ಲಿ ರಾಣೆಬೆನ್ನೂರು ಬಿಟ್ರೆ ಕೃಷ್ಣಮೃಗ ಜಾಸ್ತಿ ಇರೋದು ಇಲ್ಲೇ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ನಂಗೆ ತುಂಬ ಬೇಜಾರಾಗೋ ವಿಷಯ. ಮರ ಇಲ್ಲದ ಜಾಗ ಅಂದ್ರೆ ಬಂಜರು, ಖರಾಬು ಅಂತ ನಮ್ಮ ತಲೇಲಿ ಕೂತ್ಬಿಟ್ಟಿದೆ. ತುಮಕೂರು ಚಿತ್ರದುರ್ಗದ ಕಡೆ ಅಮೃತಮಹಲ್ ಕಾವಲು ಅಂತ ಎಷ್ಟೊಂದು ಹುಲ್ಲುಗಾವಲು ಇದ್ವು, ದನ ಮೇಯೋಕೆ ಅಂತ ಕಾಪಾಡ್ಕೊಂಡು ಬಂದಿದ್ದು, ಅದನ್ನೂ ಖಾಲಿ ಜಾಗ ಅಂದ್ಕೊಂಡು ಒಂದೊಂದಕ್ಕೆ ಕೊಟ್ಕೊಂಡು ಬಂದ್ವಿ. ಇಲ್ಲೂ ಒಂದು ಕಾಲದಲ್ಲಿ ನೀಲಗಿರಿ ನೆಟ್ಟಿದ್ರು. ದೂರದವರೆಗೆ ಕಣ್ಣಿಗೆ ಅಡ್ಡ ಇಲ್ದಿದ್ರೆ ಮಾತ್ರ ಕೃಷ್ಣಮೃಗ ಬದುಕೋದು, ನೆಲದ ಮೇಲೆ ಮೊಟ್ಟೆ ಇಡೋ ಹಕ್ಕಿಗೆ ಮರ ಅಂದ್ರೆ ಕಾಗೆ ಹದ್ದು ಕೂತ್ಕೊಳ್ಳೋಕೆ ಜಾಗ. ಇಂಥ ಕಡೆ ಗಿಡ ನೆಡೋಕೆ ಅಂತ ಯಾರಾದ್ರೂ ಹೊರಟ್ರೆ ದಯವಿಟ್ಟು ಬೇಡ ಅನ್ನಿ. ನೆಡೋಕೆ ರಸ್ತೆ ಬದಿ, ಶಾಲೆ ಆವರಣ ಎಷ್ಟೋ ಇದೆ.

ಸರಿ, ಯಾವಾಗ ಹೋಗ್ಬೇಕು. ನವೆಂಬರ್‌ನಿಂದ ಫೆಬ್ರವರಿ. ಸೆಪ್ಟೆಂಬರ್ ಅಕ್ಟೋಬರ್ ಮಳೆ ಬಿದ್ದು ಹುಲ್ಲು ಎದ್ದು ತೆನೆ ಕಟ್ಟಿರುತ್ತೆ, ಚಳಿಗಾಲದ ವಲಸೆ ಹಕ್ಕಿ ಬಂದಿರುತ್ವೆ, ಬಿಸಿಲೂ ತಡ್ಕೋಬಹುದು. ಮಾರ್ಚ್ ಆದ್ಮೇಲೆ ಹೋಗೋರು ಒಂಬತ್ತಕ್ಕೆಲ್ಲ ಮುಗಿಸ್ಕೊಂಡು ಬರೋ ಲೆಕ್ಕದಲ್ಲಿ ಹೋಗಿ. ಮಳೆ ಶುರುವಾಗೋ ಜೂನ್ ಜುಲೈನಲ್ಲೂ ಒಂದು ಖುಷಿ ಇದೆ, ಲಾರ್ಕ್ ಅನ್ನೋ ಮಣ್ಣು ಬಣ್ಣದ ಚಿಕ್ಕ ನೆಲದ ಹಕ್ಕಿಗಳು ಹಾಡೋದು ಆಗಲೇ, ಆದ್ರೆ ನೆಲದಲ್ಲಿ ಗೂಡು ಇರೋ ಕಾಲ, ಒಂದೊಂದು ಹೆಜ್ಜೆಗೂ ಎಚ್ಚರ ಬೇಕು. ದಿನದಲ್ಲಿ ಸೂರ್ಯ ಹುಟ್ಟೋಕೆ ಕಾಲು ಗಂಟೆ ಮುಂಚೆ ಅಲ್ಲಿರ್ಬೇಕು. ತುಮಕೂರಿಂದ ಕೊರಟಗೆರೆ ಮೇಲೆ ಮಧುಗಿರಿಗೆ 43 ಕಿಲೋಮೀಟರ್, ಅಲ್ಲಿಂದ ಪುರವರ, ಅಂದ್ರೆ ಬೆಳಗ್ಗೆ ನಾಕೂವರೆಗೆ ಮನೆ ಬಿಡ್ಬೇಕು. ಅದು ಆಗಲ್ಲ ಅನ್ನೋರು ಹಿಂದಿನ ದಿನವೇ ಮಧುಗಿರಿಗೆ ಬಂದು ಲಾಡ್ಜ್‌ನಲ್ಲಿ ಉಳ್ಕೊಳ್ಳಿ, ಸಂಜೆ ಏಕಶಿಲಾ ಬೆಟ್ಟನಾದ್ರೂ ಕೆಳಗಿಂದ ನೋಡ್ದಂಗೆ ಆಗುತ್ತೆ. ಬೆಂಗಳೂರು, ದೊಡ್ಡಬಳ್ಳಾಪುರ ಕಡೆಯಿಂದ ಬರೋರಿಗೆ ಗೌರಿಬಿದನೂರು ದಾರಿ ಅನುಕೂಲ. ಬಸ್ಸು ನಂಬ್ಕೊಂಡು ಹೊರಟ್ರೆ ಬೆಳಗಿನ ಜಾವದ ಹೊತ್ತು ಸಿಗಲ್ಲ, ಸ್ವಂತ ಗಾಡಿ ಇರ್ಲಿ, ಇಲ್ಲ ಮಧುಗಿರಿಯಿಂದ ಆಟೋ ಹಿಂದಿನ ದಿನವೇ ಮಾತಾಡ್ಕೊಳ್ಳಿ.

ಅನುಮತಿ ವಿಷಯ ಹಗುರಾಗಿ ತಗೋಬೇಡಿ. ಇದು ಅರಣ್ಯ ಇಲಾಖೆ ಜಾಗ, ಪಾರ್ಕ್ ಅಲ್ಲ. ಮಧುಗಿರಿ ವಲಯ ಅರಣ್ಯ ಕಚೇರಿಯಲ್ಲಿ ಮುಂಚೇನೇ ಕೇಳಿ, ಎಷ್ಟು ಜನ, ಯಾವತ್ತು, ಯಾತಕ್ಕೆ ಅಂತ ಹೇಳಿ ಒಪ್ಪಿಗೆ ತಗೊಂಡು ಹೋಗಿ. ಅಲ್ಲಿ ಹೋದ್ಮೇಲೆ ವಾಚರ್ ಯಾರಿದಾರೋ ಅವ್ರನ್ನ ಮೊದ್ಲು ಮಾತಾಡ್ಸಿ. "ಅಣ್ಣ, ಇವತ್ತು ಯಾವ ಕಡೆ ಹೋಗ್ಬಹುದು, ಯಾವ ಕಡೆ ಬೇಡ" ಅಂತ ಒಂದು ಮಾತು ಕೇಳಿದ್ರೆ ಸಾಕು, ಅವ್ರು ಹೇಳೋ ಐದು ನಿಮಿಷದ ಮಾತಿನಲ್ಲಿ ನಿಮ್ಮ ಅರ್ಧ ದಿನದ ಹುಡುಕಾಟ ಉಳಿಯುತ್ತೆ. ವರ್ಷವೆಲ್ಲಾ ಅಲ್ಲೇ ಇರೋರು ಅವ್ರು. ಮರಿ ಹಾಕಿರೋ ಕಡೆ ಹೋಗ್ಬೇಡಿ ಅಂದ್ರೆ ಹೋಗ್ಬೇಡಿ, ವಾದ ಬೇಡ.

ಸಾಮಾನು ಹೆಚ್ಚೇನೂ ಬೇಡ. ನೀರು ಮಾತ್ರ ತಲೆಗೆ ಎರಡು ಲೀಟರ್, ಒಳಗೆ ಅಂಗಡಿ ಗಿಂಗಡಿ ಏನೂ ಇಲ್ಲ, ನೆರಳೂ ಕಮ್ಮಿ. ಅಗಲ ಅಂಚಿನ ಟೋಪಿ, ಪೂರ್ತಿ ತೋಳಿನ ಮಣ್ಣು ಬಣ್ಣದ ಅಂಗಿ, ಬಿಳಿ ಮತ್ತೆ ಕೆಂಪು ಬೇಡ. ಶೂ ಕಣಕಾಲು ಮುಚ್ಚೋ ಥರದ್ದು, ಯಾಕಂದ್ರೆ ಕಲ್ಲು, ಸೀಮೆಜಾಲಿ ಮುಳ್ಳು, ಮತ್ತೆ ಹಾವು. ಕೊಳಕುಮಂಡಲ ಒಣಹುಲ್ಲಿನ ಬಣ್ಣಕ್ಕೆ ಹೊಂದ್ಕೊಂಡು ಬಿದ್ದಿದ್ರೆ ಎರಡು ಅಡಿ ಹತ್ರ ಹೋದ್ರೂ ಗೊತ್ತಾಗಲ್ಲ, ಅದಕ್ಕೇ ಕಾಣದ ಕಡೆ ಕೈ ಇಡಬಾರ್ದು, ಕಾಲೂ ಇಡಬಾರ್ದು. ತಿಂಡಿಗೆ ನಮ್ಮನೇಲಿ ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಕೊಡ್ತಾರೆ, ಕೆಡಲ್ಲ, ಚೆಲ್ಲಲ್ಲ, ಕೂತಲ್ಲೇ ತಿನ್ನಬಹುದು. ತಂದ ಪೇಪರ್ರು ಕವರ್ರು ವಾಪಸ್ ಬ್ಯಾಗಿಗೇ.

ಬೈನಾಕ್ಯುಲರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಮೇಲೆ 8x42 ಅಂತ ಬರೆದಿರುತ್ತಲ್ಲ, ಮೊದಲಿನ 8 ಅಂದ್ರೆ ಎಂಟು ಪಟ್ಟು ಹತ್ರ ಕಾಣೋದು, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. 8x42 ಇಲ್ಲ 8x32 ತಗೊಳ್ಳಿ, ದೊಡ್ಡದಾಗಿ ಕಾಣ್ಲಿ ಅಂತ 16, 20 ತಗೊಂಡ್ರೆ ಕೈ ನಡುಗೋದೂ ಅಷ್ಟೇ ಪಟ್ಟು ದೊಡ್ಡದಾಗಿ ಏನೂ ಕಾಣಲ್ಲ. ಇದಕ್ಕಿಂತ ಮುಖ್ಯ ನಿಮ್ಮ ಕಣ್ಣಿಗೆ ಹೊಂದಿಸ್ಕೊಳ್ಳೋದು, ತುಂಬ ಜನ ಇದನ್ನ ಮಾಡೋದೇ ಇಲ್ಲ. ದೂರದ ಒಂದು ಕಂಬನೋ ಬೋರ್ಡೋ ಹಿಡ್ಕೊಂಡು, ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗ್ಸಿ ಎಡಗಣ್ಣಿಗೆ ಸ್ಪಷ್ಟ ಮಾಡ್ಕೊಳ್ಳಿ, ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆ ಕಣ್ಣಿನ ಹತ್ರ ಇರೋ ಬಳೆಯನ್ನ ಮಾತ್ರ ತಿರುಗ್ಸಿ ಸ್ಪಷ್ಟ ಮಾಡಿ, ಆ ಬಳೆಯನ್ನ ಮತ್ತೆ ಮುಟ್ಟೋ ಹಾಗಿಲ್ಲ, ಆಮೇಲೆ ಎಲ್ಲಾ ನಡುವಿನ ಚಕ್ರದಲ್ಲೇ. ಕನ್ನಡಕ ಹಾಕೋರು ಕಣ್ಣಿನ ರಬ್ಬರ್ ಕಪ್ ಕೆಳಗೆ ಇಳಿಸ್ಕೊಳ್ಳಿ. ಹಕ್ಕಿ ಕಂಡಾಗ ತಲೆ ಬಗ್ಗಿಸಿ ಬೈನಾಕ್ಯುಲರ್ ಹುಡುಕ್ಬೇಡಿ, ಹಕ್ಕಿ ಮೇಲೆ ನೆಟ್ಟ ಕಣ್ಣು ಕದಲಿಸದೇ ಅದನ್ನ ಕಣ್ಣಿನ ಹತ್ರ ಎತ್ಕೊಳ್ಳಿ. ಮನೆ ತಾರಸಿ ಮೇಲೆ ಕಾಗೆ ಮೈನಾ ಇಟ್ಕೊಂಡು ಎರಡು ದಿನ ಅಭ್ಯಾಸ ಮಾಡಿ ಬನ್ನಿ.

ಈಗ ನಡಿಗೆ. ಕಾಡಲ್ಲಿ ನಾವು ಮೇಲೆ ನೋಡ್ಕೊಂಡು ನಡೀತೀವಿ, ಇಲ್ಲಿ ಕೆಳಗೆ ನೋಡ್ಬೇಕು. ಗಾಡಿ ಜಾಡು ಇರೋ ಕಡೆ ಅದರಲ್ಲೇ ನಡೀರಿ, ಹುಲ್ಲಿಗೆ ಇಳೀಬೇಡಿ. ಇಪ್ಪತ್ತು ಹೆಜ್ಜೆ ಹಾಕಿ, ನಿಂತ್ಕೊಳ್ಳಿ, ಮುಂದಿನ ಐವತ್ತು ಅಡಿ ನೆಲವನ್ನ ಎಡದಿಂದ ಬಲಕ್ಕೆ ನಿಧಾನಕ್ಕೆ ಕಣ್ಣಲ್ಲೇ ಗುಡಿಸಿ, ಆಮೇಲೆ ಬೈನಾಕ್ಯುಲರ್‌ನಲ್ಲಿ ಅದೇ ನೆಲವನ್ನ ಇನ್ನೊಂದ್ಸಲ. ಅರ್ಧದಷ್ಟು ಸಲ, ಮಣ್ಣಿನ ಹೆಂಟೆ ಅಂದ್ಕೊಂಡಿದ್ದು ಕತ್ತು ತಿರುಗ್ಸಿ ನೋಡುತ್ತೆ, ಹಕ್ಕಿ ಅದು. ಬೆಳಗ್ಗೆ ಪಶ್ಚಿಮದ ಕಡೆ ಮುಖ ಮಾಡಿ ನಡೀರಿ, ಸೂರ್ಯ ಬೆನ್ನಿಗಿದ್ರೆ ಹಕ್ಕಿ ಬಣ್ಣ ಕಾಣುತ್ತೆ, ಎದುರಿಗಿದ್ರೆ ಎಲ್ಲಾ ಹಕ್ಕಿನೂ ಕಪ್ಪೇ. ಒಂದು ಗಂಟೆಗೆ ಒಂದು ಕಿಲೋಮೀಟರ್ ದಾಟಿದ್ರೆ ನೀವು ಜೋರಾಗಿ ನಡೀತಾ ಇದೀರ ಅಂತ ಅರ್ಥ. ಮತ್ತೆ ಅರ್ಧ ಗಂಟೆಗೊಂದ್ಸಲ ಸುಮ್ನೆ ಕೂತ್ಬಿಡಿ, ಹತ್ತು ನಿಮಿಷ, ಮೊಬೈಲ್ ಇಲ್ದೆ. ನಿಂತ ಮನುಷ್ಯನ ಆಕಾರಕ್ಕೆ ಬಯಲಿನ ಜೀವಿಗಳು ಹೆದರುತ್ವೆ, ಕೂತ್ರೆ ಮೆಲ್ಲಗೆ ಹತ್ರಾನೂ ಬರುತ್ವೆ. ಲಾವಕ್ಕಿಗಳ ಒಂದು ಹಿಂಡು ಸಾಲಾಗಿ ಜಾಡು ದಾಟಿದ್ದನ್ನ ನಾನು ನೋಡಿದ್ದು ಹೀಗೆ ಕೂತಾಗಲೇ, ನಡೀವಾಗ ಅವು ಕಾಲಡಿಯಿಂದ ಬುರ್ ಅಂತ ಎದ್ದು ಎದೆ ಝಲ್ ಅನ್ನಿಸಿ ಹೋಗ್ತವೆ ಅಷ್ಟೇ, ನೋಡೋಕೆ ಸಿಗಲ್ಲ.

ಏನೇನು ನೋಡಬಹುದು ಅಂತ ಪಟ್ಟಿ ಕೊಡೋದಕ್ಕಿಂತ ಎಲ್ಲೆಲ್ಲಿ ನೋಡ್ಬೇಕು ಅಂತ ಹೇಳ್ತೀನಿ. ಬರೀ ನೆಲದ ಮೇಲೆ: ನೆಲಗುಬ್ಬಿ. ಗುಬ್ಬಚ್ಚಿಗಿಂತ ಚಿಕ್ಕದು, ಗಂಡಿಗೆ ಬೂದು ನೆತ್ತಿ, ಕಣ್ಣಿಗೆ ಅಡ್ಡ ಕಪ್ಪು ಪಟ್ಟೆ, ಹೊಟ್ಟೆ ಕಪ್ಪು. ಇದು ಎದ್ದು ಮೇಲೆ ಹೋಗಿ ರೆಕ್ಕೆ ಮುಚ್ಕೊಂಡು ಕಲ್ಲು ಬಿದ್ದಂಗೆ ಬೀಳುತ್ತೆ, ಬೀಳುವಾಗ ಸಿಳ್ಳೆ, ಇನ್ನೇನು ನೆಲಕ್ಕೆ ತಾಗ್ತು ಅನ್ನುವಾಗ ಮತ್ತೆ ಮೇಲೆ. ಪೊದೆ ಮೇಲಿಂದ ಎದ್ದು ಕಾಲು ಇಳಿಬಿಟ್ಕೊಂಡು ರೆಕ್ಕೆ ಎತ್ತಿ ಹಿಡ್ದು ಪ್ಯಾರಾಚೂಟ್ ಥರ ಹಾಡ್ಕೊಂಡು ಇಳಿಯೋದು ಬುಷ್‌ಲಾರ್ಕ್. ಎರಡೂ ಮಣ್ಣಿನ ಬಣ್ಣ, ಕೂತಾಗ ಗುರುತು ಹಿಡಿಯೋದು ಕಷ್ಟ, ಹಾರಾಟ ನೋಡಿದ್ರೆ ಆರು ವರ್ಷದ ಮಗುನೂ ಹೇಳುತ್ತೆ ಯಾವ್ದು ಯಾವ್ದು ಅಂತ. ಗೌಜಲಕ್ಕಿ ಕೂಗು ಬೆಳಗ್ಗೆ ನಾಕೂ ದಿಕ್ಕಿಂದ ಕೇಳುತ್ತೆ, ನಮ್ಮ ಹೊಲಗಳಲ್ಲಿ ಇರೋದೇ. ಸ್ಯಾಂಡ್‌ಗ್ರೌಸ್ ಸಿಕ್ಕಿದ್ರೆ ಅದೃಷ್ಟ, ಪಾರಿವಾಳದಷ್ಟು ದಪ್ಪ, ಬೆಳಗ್ಗೆ ಜೊತೆಜೊತೆಯಾಗಿ ನೀರಿಗೆ ಹಾರುತ್ವೆ. ಈ ಹಕ್ಕಿಗಳಲ್ಲಿ ಗಂಡು ನೀರಲ್ಲಿ ಕೂತು ಹೊಟ್ಟೆ ಪುಕ್ಕ ನೆನಸ್ಕೊಂಡು ಮರಿಗಳ ಹತ್ರ ಹಾರುತ್ತೆ, ಮರಿಗಳು ಆ ಪುಕ್ಕ ಚೀಪಿ ನೀರು ಕುಡಿಯುತ್ವೆ. ನಂಗೆ ಇದನ್ನ ಮೊದಲ ಸಲ ಓದಿದಾಗ ತಕ್ಷಣ ನಂಬೋಕೇ ಆಗ್ಲಿಲ್ಲ.

ಪೊದೆ ತುದಿ, ಬೇಲಿ, ತಂತಿ ಮೇಲೆ ನೀಲಕಂಠ, ಕಾಜಾಣ, ಕಳ್ಳಿಪೀರ, ಕಳಿಂಗ. ನೀಲಕಂಠ ನಮ್ಮ ರಾಜ್ಯಪಕ್ಷಿ, ಕೂತಾಗ ಮಂಕಾಗಿ ಕಾಣುತ್ತೆ, ಹಾರಿದ ಗಳಿಗೆ ರೆಕ್ಕೆ ನೀಲಿ ನೋಡಿದ್ರೆ ಮಾತು ನಿಲ್ಲುತ್ತೆ. ಆಕಾಶದಲ್ಲಿ ಒಂದೇ ಕಡೆ ರೆಕ್ಕೆ ಬಡೀತಾ ನಿಂತಿರೋ ಬಿಳಿ ಚಿಕ್ಕ ಹಕ್ಕಿ ಕಂಡ್ರೆ ಕಪ್ಪು ರೆಕ್ಕೆ ಹದ್ದು, ಅದೇ ಥರ ನಿಂತಿರೋ ದೊಡ್ಡ ತಲೆಯ ದೊಡ್ಡ ಹಕ್ಕಿ ಆದ್ರೆ ಹಾವುಗಿಡುಗ, ಅದರ ಮುಖ್ಯ ಆಹಾರವೇ ಹಾವು.

ಆದ್ರೆ ಚಳಿಗಾಲದಲ್ಲಿ ಹೋಗೋರು ಹ್ಯಾರಿಯರ್‌ಗೋಸ್ಕರ ಹೋಗ್ಬೇಕು ಅಂತ ನನ್ನ ಅಭಿಪ್ರಾಯ. ಕಝಾಕಿಸ್ತಾನ್ ಕಡೆಯ ಹುಲ್ಲುಗಾವಲಿಂದ ಸಾವಿರಾರು ಕಿಲೋಮೀಟರ್ ಹಾರ್ಕೊಂಡು ಬರೋ ಗಿಡುಗ ಇವು, ಅಲ್ಲೂ ಹುಲ್ಲು, ಇಲ್ಲೂ ಹುಲ್ಲೇ ಬೇಕು. ಹುಲ್ಲಿನ ತುದಿಗೆ ತಾಗೋ ಹಾಗೆ ಕೆಳಗೆ, ರೆಕ್ಕೆ ಸ್ವಲ್ಪ ಮೇಲೆತ್ತಿ, ಒಂಚೂರು ಬಡೀತಾ ಒಂಚೂರು ತೇಲ್ತಾ ಹೋಗೋ ಹಕ್ಕಿ ಕಂಡ್ರೆ ಅದೇ. ಗಂಡು ಬೂದು ಬಿಳಿ, ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಇಲ್ಲಿ ಬಂದು ಮಿಡತೆ ಹಿಡ್ದು ತಿನ್ನೋದೇ ಹೆಚ್ಚು, ಅಂದ್ರೆ ಸುತ್ತಲಿನ ಹೊಲದವ್ರಿಗೂ ಒಳ್ಳೇದೇ. ಇವು ಮರದಲ್ಲಿ ಮಲಗಲ್ಲ, ಸೂರ್ಯ ಮುಳುಗೋ ಹೊತ್ತಿಗೆ ಒಂದೊಂದಾಗಿ ಬಂದು ಹುಲ್ಲಿನ ಒಳಗೆ ನೆಲದ ಮೇಲೇ ಇಳಿಯುತ್ವೆ. ಅದಕ್ಕೇ ಸಂಜೆ ಐದಕ್ಕೆ ಒಂದು ಕಡೆ ದೂರದಲ್ಲಿ ಕೂತ್ಕೊಳ್ಳಿ, ವಾಚ್ ಟವರ್ ಮೇಲೆ ಜಾಗ ಸಿಕ್ಕಿದ್ರೆ ಇನ್ನೂ ಚೆನ್ನ, ಮತ್ತೆ ಅಲುಗಾಡ್ಬೇಡಿ. ಇಳಿದ ಜಾಗಕ್ಕೆ ಹತ್ರ ಹೋಗಿ ನೋಡೋಣ ಅಂತ ಯಾರೂ ಹೋಗ್ಬೇಡಿ, ಕತ್ತಲಲ್ಲಿ ಎಬ್ಬಿಸಿದ್ರೆ ಅವು ಇನ್ನೊಂದು ಜಾಗ ಹುಡ್ಕೋದು ಕಷ್ಟ.

ಕೃಷ್ಣಮೃಗ ಹೇಗೂ ಕಾಣುತ್ತೆ. ಸುರುಳಿ ಕೊಂಬಿನ ಕಪ್ಪು ಗಂಡು, ಕೊಂಬಿಲ್ಲದ ಕಂದು ಹೆಣ್ಣು. ಒಂದೇ ಕಡೆ ಹಿಕ್ಕೆ ಗುಡ್ಡೆಯಾಗಿ ಬಿದ್ದಿದ್ರೆ ಅದು ಒಂದು ಗಂಡು ತನ್ನ ಗಡಿ ಅಂತ ಗುರುತು ಮಾಡಿರೋದು, ಅಲ್ಲಿ ನಿಲ್ಲೋದು ಬೇಡ. ಗಾಡಿಗೆ ಅಷ್ಟು ಹೆದರಲ್ಲ, ನಡ್ಕೊಂಡು ಬರೋ ಮನುಷ್ಯನಿಗೆ ಹೆದರುತ್ವೆ, ನೇರವಾಗಿ ಅವುಗಳ ಕಡೆ ನಡೆದ್ರಂತೂ ನೂರೈವತ್ತು ಇನ್ನೂರು ಅಡಿ ಇರುವಾಗಲೇ ಒಂದು ಚೆಂಗನೆ ಮೇಲೆ ನೆಗೆಯುತ್ತೆ, ಹಿಂದೇನೇ ಇಡೀ ಹಿಂಡು ಚಿಮ್ಮುತ್ತೆ. ನೋಡೋಕೆ ಚೆಂದ, ಆದ್ರೆ ಅದು ಭಯ, ಅದನ್ನ ಬೇಕಂತ ಮಾಡಿಸಿ ವಿಡಿಯೋ ತೆಗೆಯೋರನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ತಲೆ ಎತ್ತಿ ನಿಮ್ಮನ್ನೇ ನೋಡೋಕೆ ಶುರು ಮಾಡಿದ್ವು ಅಂದ್ರೆ ಅಲ್ಲೇ ನಿಲ್ಲಿ, ಮುಖ ಬೇರೆ ಕಡೆ ತಿರುಗ್ಸಿ ಕೂತ್ಕೊಳ್ಳಿ, ಮತ್ತೆ ಮೇಯೋಕೆ ಹಿಡಿಯುತ್ವೆ. ನಾಯಿ ಕರ್ಕೊಂಡು ಹೋಗ್ಲೇಬಾರ್ದು. ಸುತ್ತಲಿನ ರೈತರ ಕಡ್ಲೆಕಾಯಿ ಹೊಲಕ್ಕೆ ಇವು ನುಗ್ಗೋದು ನಿಜ, ಹಾಗಾಗಿ ಊರವ್ರ ಜೊತೆ ಮಾತಾಡುವಾಗ "ಎಷ್ಟು ಚೆಂದ ಅಲ್ವಾ" ಅಂತ ಮಾತ್ರ ಹೇಳಿ ಬರ್ಬೇಡಿ, ಅವ್ರ ಕಷ್ಟನೂ ಕೇಳಿ. ಇಷ್ಟೆಲ್ಲಾ ಆದ್ರೂ ಸಹಿಸ್ಕೊಂಡಿರೋರು ಅವ್ರೇ.

ನಂಗೆ ನಡೆಯೋದು ಕಲಿಸಿದ್ದು ಅಲ್ಲಿ ಹೊರಗಡೆ ಕುರಿ ಮೇಯಿಸ್ತಿದ್ದ ಒಬ್ಬ ತಾತ. ಜಾಡಿನ ಪಕ್ಕ ಟಿಟ್ಟಿಭ ಒಂದೇ ಸಮನೆ ತಲೆ ಮೇಲೆ ಕಿರುಚ್ಕೊಂಡು ಸುತ್ತಾ ಇತ್ತು, ನಾನು ಫೋಟೋಗೆ ಒಳ್ಳೇದಾಯ್ತು ಅಂತ ಅಲ್ಲೇ ನಿಂತಿದ್ದೆ. "ಏ ಮಗಾ, ಅಲ್ಲೇ ನಿಂತ್ಕ, ಕಾಲು ಎತ್‌ಬ್ಯಾಡ" ಅಂದ. "ಯಾಕ್ ತಾತ?" ಅಂದೆ. "ಅದು ನಿಂಗೇ ಬಯ್ತಾ ಐತೆ, ಕೆಳಗ್ ನೋಡು." ನೋಡಿದ್ರೆ ನನ್ನ ಶೂನಿಂದ ಒಂದು ಗೇಣು ದೂರದಲ್ಲಿ ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ನಾಕು ಮೊಟ್ಟೆ. ಗೂಡು ಅಂತ ಏನೂ ಇಲ್ಲ, ಒಂದು ಸಣ್ಣ ಗುಳಿ, ಸುತ್ತ ಹರಳು ಕಲ್ಲು. "ಬಂದ್ ದಾರೀಲೇ ಹಿಂದಕ್ ಹೋಗು, ಬಿಸ್ಲೇರ್ದಾಗ ತಾಯಿ ಕೂತ್ಕಳ್ದಿದ್ರೆ ಮೊಟ್ಟೆ ಬೆಂದ್ ಹೋಯ್ತವೆ" ಅಂದ. ಅವತ್ತಿಂದ ನನ್ನ ನಿಯಮ ಇದು: ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಬಯ್ತಾ ಇದ್ರೆ, ಇಲ್ಲ ಯಾವ್ದೇ ಹಕ್ಕಿ ರೆಕ್ಕೆ ಮುರಿದಂಗೆ ನಾಟಕ ಮಾಡ್ಕೊಂಡು ಮುಂದೆ ಮುಂದೆ ಎಳ್ಕೊಂಡು ಹೋಗ್ತಾ ಇದ್ರೆ, ನಿಂತು, ಕಾಲ ಸುತ್ತ ನೋಡಿ, ಬಂದ ಹೆಜ್ಜೆಯಲ್ಲೇ ವಾಪಸ್. ಗೂಡಿನ ಫೋಟೋ ತೆಗೆಯೋದೂ ಬೇಡ, ಜಾಗ ಗುರುತು ಹಾಕಿ ಗ್ರೂಪಲ್ಲಿ ಕಳ್ಸೋದಂತೂ ಬೇಡವೇ ಬೇಡ.

ಮೊಬೈಲ್ ಆ್ಯಪ್ ವಿಷಯ. ಮರ್ಲಿನ್ ಅನ್ನೋದನ್ನ ಮನೇಲೇ ಇಳಿಸ್ಕೊಂಡು ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಹಾಕ್ಕೊಂಡಿರಿ, ನೆಟ್‌ವರ್ಕ್ ಇಲ್ದಿದ್ರೂ ಕೆಲಸ ಮಾಡುತ್ತೆ. ದನಿ ಕೇಳಿ ಅದು ಹೆಸರು ಹೇಳುತ್ತೆ, ಆದ್ರೆ ಅದು ಹೇಳಿದ್ದು ಒಂದು ಸುಳಿವು ಅಂತ ಮಾತ್ರ ತಗೊಂಡು ಹಕ್ಕಿನ ಕಣ್ಣಲ್ಲಿ ನೋಡಿದ್ಮೇಲೇ ಬರ್ಕೊಳ್ಳಿ. ಹಕ್ಕಿ ಕೂಗನ್ನ ಮೊಬೈಲಲ್ಲಿ ಹಾಕಿ ಹತ್ರ ಕರೆಯೋದು ಮಾಡ್ಬೇಡಿ, ಬೇರೆ ಗಂಡು ಬಂತು ಅಂತ ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತೆ. ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಳ್ಳಿ, ಹೆಸರು ಗೊತ್ತಿಲ್ದಿದ್ರೆ ಗಾತ್ರ, ಕೊಕ್ಕು, ಬಾಲ ಅಲ್ಲಾಡಿಸಿದ ರೀತಿ, ಏನು ಮಾಡ್ತಿತ್ತು ಅಂತ ಬರೀರಿ, ಮನೆಗೆ ಬಂದು ಪುಸ್ತಕದಲ್ಲಿ ಹುಡುಕ್ಬಹುದು. ಆಮೇಲೆ ಈಬರ್ಡ್ ಅಂತ ಹಕ್ಕಿ ನೋಡೋರು ತಮ್ಮ ಪಟ್ಟಿ ಹಾಕೋ ವೆಬ್‌ಸೈಟ್ ಇದೆ, ಅದರಲ್ಲಿ ಹಾಕಿ, ನಮ್ಮ ಬಯಲುಸೀಮೆಯ ಲೆಕ್ಕ ಬರೆಯೋರೇ ಕಮ್ಮಿ, ಹೊಸಬರ ಪಟ್ಟಿಗೂ ಬೆಲೆ ಇದೆ.

ನಡುಹಗಲು ಹನ್ನೊಂದರಿಂದ ಮೂರೂವರೆ ತನಕ ಒಳಗೆ ಇರೋದರಲ್ಲಿ ಅರ್ಥ ಇಲ್ಲ. ಪುರವರಕ್ಕೋ ಮಧುಗಿರಿಗೋ ಹೋಗಿ ಊಟ ಮಾಡಿ ಮಲ್ಕೊಂಡು ಸಂಜೆಗೆ ಬನ್ನಿ. ಎರಡು ದಿನ ಇರೋರು ಇನ್ನೊಂದು ದಿನ ದೇವರಾಯನದುರ್ಗ ಇಟ್ಕೊಳ್ಳಿ, ನಾಮದ ಚಿಲುಮೆ ಸುತ್ತಲಿನ ಕಾಡು, ಬಂಡೆ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಇದೆ, ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಬೇಸಿಗೆ ಮುಂಚೆ ಬಂದವ್ರಿಗೆ ಶಿರಾ ಹತ್ರದ ಕಗ್ಗಲಡು, ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ವೆ, ಊರವ್ರೇ ಕಾಯ್ತಾರೆ. ಅಲ್ಲಿ ನಡೆಯೋದೇನೂ ಇಲ್ಲ, ಜಗಲಿ ಮೇಲೆ ಕೂತು ಕತ್ತು ಎತ್ತಿದ್ರಾಯ್ತು, ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋಕೆ ಸರಿಯಾದ ಜಾಗ. ಮೂರನ್ನೂ ಒಂದೇ ದಿನ ಮುಗಿಸ್ತೀವಿ ಅಂತ ಮಾತ್ರ ಹೊರಡ್ಬೇಡಿ.

ಕೊನೇದಾಗಿ, ಗಾಡಿ ಹತ್ತೋ ಮುಂಚೆ ಶೂ ಬಿಚ್ಚಿ ಸಾಕ್ಸ್ ನೋಡ್ಕೊಳ್ಳಿ. ಚುಚ್ಚೋ ಹುಲ್ಲಿನ ಬೀಜ ತುಂಬ್ಕೊಂಡಿರುತ್ತೆ, ಜೊತೆಗೆ ರಕ್ತ ಹೀರೋ ಉಣ್ಣಿನೂ ಒಂದೆರಡು ಇರಬಹುದು. ಉಣ್ಣಿ ತೆಗೆದುಹಾಕಿ, ಮಂಡಿ ಹಿಂದೆ, ಸೊಂಟದ ಹತ್ರ ಒಂದ್ಸಲ ನೋಡ್ಕೊಳ್ಳಿ. ಬೀಜಗಳನ್ನ ಮಾತ್ರ ಒಂದೊಂದಾಗಿ ಕಿತ್ತು ಅಲ್ಲೇ ಉದುರಿಸಿ, ಮನೆಗೆ ತಂದು ಕಸದ ಬುಟ್ಟಿಗೆ ಹಾಕ್ಬೇಡಿ, ಅವು ಮೊಳೆಯೋಕೆ ಉಳಿದಿರೋದು ಆ ನೆಲವೇ.